ಎದುರುಬದುರಿನ ಎರಡು ಪುಟಗಳು: ಕವಿತೆ–ಛಾಯಾಚಿತ್ರಗಳ ಸೀಮಿತ ಆವೃತ್ತಿಯನ್ನು ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಕವಿಯೊಬ್ಬರ ಆಯ್ದ ಕವಿತೆಗಳಿಗೆ ಈ ಕಾಲದ ಛಾಯಾಗ್ರಾಹಕರೊಬ್ಬರ ಚಿತ್ರಗಳನ್ನು ಜೋಡಿಸಿ ಹೊರತಂದಿರುವ ಸೀಮಿತ ಆವೃತ್ತಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಪಠ್ಯವನ್ನು ಅಚ್ಚುಮೊಳೆಯಲ್ಲಿ ಮುದ್ರಿಸಲಾಗಿದೆ, ಹತ್ತು ಪ್ಲಾಟಿನಂ ಪ್ರಿಂಟುಗಳಿವೆ, ಒಟ್ಟು 70 ಪ್ರತಿಗಳು ಎಂದು ಅದರ ವಿವರಣೆಯಲ್ಲಿದೆ. ಅದೇ ಕವಿತೆಗಳು ಸಾಮಾನ್ಯ ಪುಸ್ತಕದಲ್ಲೂ ಸಿಗುತ್ತವೆ. ಹಾಗಾದರೆ ನಾನು ಹಣ ಕೊಡುವುದು ಯಾವುದಕ್ಕೆ? ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು? ಚಿತ್ರಗಳನ್ನು ಬಿಡಿಸಿ ಚೌಕಟ್ಟು ಹಾಕಿಸಿದರೆ ದಿನವೂ ನೋಡಬಹುದಲ್ಲ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಅದು ಸರಿಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆರಡಕ್ಕೂ ಉತ್ತರ ಅದರೊಳಗೇ ಇದೆ. ಇಂತಹ ಪುಸ್ತಕದಲ್ಲಿ ನೀವು ಹಣ ಕೊಡುವುದು ಕವಿತೆಗಲ್ಲ, ಬಿಡಿಬಿಡಿಯಾದ ಛಾಯಾಚಿತ್ರಗಳಿಗೂ ಅಲ್ಲ. ಎದುರುಬದುರಾಗಿ ತೆರೆದುಕೊಳ್ಳುವ ಎರಡು ಪುಟಗಳಿಗೆ. ಒಂದು ಬದಿಯಲ್ಲಿ ಪದ್ಯ, ಇನ್ನೊಂದು ಬದಿಯಲ್ಲಿ ಚಿತ್ರ ಇದ್ದು, ಒಂದನ್ನು ಓದಿ ಇನ್ನೊಂದನ್ನು ನೋಡಿ ಮತ್ತೆ ಮೊದಲಿನದಕ್ಕೆ ಮರಳಿದಾಗ ಪದ್ಯದಲ್ಲಿ ಆಗ ಕಾಣದಿದ್ದ ಒಂದು ಪದ ಈಗ ಕಣ್ಣಿಗೆ ಬಿದ್ದರೆ ಆ ಪುಸ್ತಕ ಕೊಳ್ಳಲು ತಕ್ಕದ್ದು. ಕಾಗದ, ಚರ್ಮದ ಹೊದಿಕೆ, ಸಹಿ, ಪ್ರತಿಯ ಸಂಖ್ಯೆ ಇವೆಲ್ಲವೂ ಆ ಎರಡು ಪುಟಗಳ ಸೇವೆಗಾಗಿ ಇರುವಂಥವು. ಅನೇಕ ವರ್ಷಗಳಿಂದ ಹಳೆಯ ಪುಸ್ತಕಗಳ ಸಂರಕ್ಷಣೆಯ ಕೆಲಸದಲ್ಲಿರುವ ನನಗೆ, ಹೊರಗೆ ರೇಷ್ಮೆಯ ಪೆಟ್ಟಿಗೆಯಿದ್ದೂ ಒಳಗೆ ಒಂದೇ ಒಂದು ಜೋಡಿ ಪುಟವೂ ಹೊಂದದ ಕೃತಿಗಳು ಕೈಗೆ ಬಂದಾಗಲೆಲ್ಲ ಬೇಸರವಾಗುತ್ತದೆ.

ಈ ಹೊಂದಾಣಿಕೆ ಸುಲಭವಲ್ಲ, ಮತ್ತು ಕಷ್ಟ ಅಭಿರುಚಿಯಲ್ಲಿ ಹುಟ್ಟುವುದಕ್ಕಿಂತ ಮೊದಲು ಮುದ್ರಣದ ಭೌತಿಕ ಸ್ವರೂಪದಲ್ಲಿಯೇ ಹುಟ್ಟುತ್ತದೆ. ಇಂಗ್ಲೆಂಡಿನ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯವನ್ನು ಸ್ಥಾಪಿಸಿ, 1896ರಲ್ಲಿ ಮಧ್ಯಯುಗದ ಕವಿ ಚಾಸರ್‌ನ ಕೃತಿಗಳನ್ನು ಕಾಗದದ ಮೇಲೆ 425 ಹಾಗೂ ಚರ್ಮಪತ್ರದ ಮೇಲೆ 13 ಪ್ರತಿಗಳಲ್ಲಿ ಹೊರತಂದಾಗ, ಬರ್ನ್-ಜೋನ್ಸ್ ರಚಿಸಿದ 87 ಚಿತ್ರಗಳನ್ನು ಮರದ ಪಡಿಯಚ್ಚುಗಳಲ್ಲಿ ಕೆತ್ತಿಸಿದರು. ಮರದ ಅಚ್ಚು ಹಾಗೂ ಸೀಸದ ಮೊಳೆ ಎರಡೂ ಉಬ್ಬು ಮುದ್ರಣಕ್ಕೆ, ಅಂದರೆ ಮೇಲೆದ್ದ ಭಾಗಕ್ಕೆ ಶಾಯಿ ಹಚ್ಚಿ ಒತ್ತುವ ಮುದ್ರಣಕ್ಕೆ, ಸೇರಿದವು. ಒಂದೇ ಎತ್ತರ, ಒಂದೇ ಶಾಯಿ, ಒಂದೇ ಒತ್ತು. ಆದ್ದರಿಂದ ಅಲ್ಲಿ ಚಿತ್ರವೂ ಅಕ್ಷರವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಛಾಯಾಚಿತ್ರಕ್ಕೆ ಈ ಅನುಕೂಲವಿಲ್ಲ. ಅಕ್ಷರವೆಂದರೆ ಶಾಯಿ ಇರುವ ಜಾಗ ಮತ್ತು ಇಲ್ಲದ ಜಾಗ, ನಡುವೆ ಬೇರೇನೂ ಇಲ್ಲ. ಛಾಯಾಚಿತ್ರವಾದರೋ ಕಡುಗಪ್ಪಿನಿಂದ ಬಿಳಿಯವರೆಗೆ ಎಲ್ಲಿಯೂ ಕಡಿಯದೆ ಜಾರುವ ಬೂದುಬಣ್ಣಗಳ ಮೊತ್ತ. ಅದನ್ನು ಅಕ್ಷರದಂತೆ ಉಬ್ಬಚ್ಚಿನಲ್ಲಿ ಮುದ್ರಿಸಬೇಕಾದರೆ ಚುಕ್ಕಿಗಳಾಗಿ ಒಡೆಯಬೇಕು. ಚುಕ್ಕಿಗಳು ಚೆನ್ನಾಗಿ ಮೂಡಲು ನುಣುಪಾದ ಲೇಪಿತ ಕಾಗದ ಬೇಕು. ಮೊಳೆಯ ಒತ್ತು ಸೊಗಸಾಗಿ ಕೂರಲು ಮೆತ್ತನೆಯ ಹತ್ತಿಯ ಕಾಗದ ಬೇಕು. ಒಂದಕ್ಕೆ ಒಗ್ಗುವುದು ಇನ್ನೊಂದಕ್ಕೆ ಒಗ್ಗುವುದಿಲ್ಲ.

ಈ ತೊಡಕಿಗೆ ಮುದ್ರಕರು ಕಂಡುಕೊಂಡ ಅತ್ಯಂತ ಹಳೆಯ ದಾರಿಯೆಂದರೆ ನಿಜವಾದ ಛಾಯಾಚಿತ್ರವನ್ನೇ ಪುಟಕ್ಕೆ ಅಂಟಿಸುವುದು. ಛಾಯಾಗ್ರಹಣವನ್ನು ರೂಪಿಸಿದ ಮೊದಲಿಗರಲ್ಲೊಬ್ಬರಾದ ಟಾಲ್ಬಟ್ 1845ರಲ್ಲಿ ಪ್ರಕಟಿಸಿದ ‘ಸನ್ ಪಿಕ್ಚರ್ಸ್ ಇನ್ ಸ್ಕಾಟ್‌ಲೆಂಡ್’ ಸಂಪುಟದಲ್ಲಿ ವಾಲ್ಟರ್ ಸ್ಕಾಟ್‌ನ ಬದುಕಿಗೂ ಬರವಣಿಗೆಗೂ ಸಂಬಂಧಿಸಿದ ಸ್ಥಳಗಳ 23 ಚಿತ್ರಗಳು ಹೀಗೆಯೇ ಬಂದವು. ಕವಿಯೊಬ್ಬನ ಹೆಸರನ್ನು ನೆಚ್ಚಿಕೊಂಡು ಬಂದ ಮೊದಮೊದಲ ಛಾಯಾಚಿತ್ರ ಪುಸ್ತಕಗಳಲ್ಲಿ ಅದೊಂದು. ಎರಡನೆಯ ದಾರಿ ಫೋಟೋಗ್ರಾವ್ಯೂರ್. ಕಾರೆಲ್ ಕ್ಲಿಚ್ 1879ರಲ್ಲಿ ಪಳಗಿಸಿದ ಈ ವಿಧಾನದಲ್ಲಿ ತಾಮ್ರದ ತಗಡಿನ ಮೇಲೆ ರಾಳದ ನುಣುಪು ಪುಡಿಯನ್ನು ಹರಡಿ ಕಾಯಿಸಿ ಅಂಟಿಸುತ್ತಾರೆ; ಬೆಳಕಿಗೆ ಒಡ್ಡಿದ ಜೆಲಟಿನ್ ಪೊರೆಯ ಮೂಲಕ ಫೆರಿಕ್ ಕ್ಲೋರೈಡ್ ದ್ರಾವಣ ತಗಡನ್ನು ಕೊರೆಯುತ್ತದೆ; ನೆರಳಿದ್ದಲ್ಲಿ ಆಳ, ಬೆಳಕಿದ್ದಲ್ಲಿ ತೆಳು. ಆ ಕುಳಿಗಳಲ್ಲಿ ಶಾಯಿ ತುಂಬಿ, ಒದ್ದೆ ಮಾಡಿದ ಕಾಗದವನ್ನಿಟ್ಟು ಉರುಳೆಯ ಕೆಳಗೆ ಹಾಯಿಸಿದಾಗ ಚಿತ್ರ ಶಾಯಿಯಲ್ಲಿಯೇ ಮೂಡುತ್ತದೆ. ಪಠ್ಯದಂತೆ ಚಿತ್ರವೂ ಶಾಯಿಯದೇ ಆಗಿದ್ದು, ಕಾಗದವೂ ಪಠ್ಯದ್ದೇ ಆಗಿರಬಹುದಾದ್ದರಿಂದ ಪುಟದ ಏಕತೆಗೆ ಇದಕ್ಕಿಂತ ಒಳ್ಳೆಯ ವಿಧಾನವನ್ನು ನಾನು ಕಂಡಿಲ್ಲ. ಈಗ ಪಿಗ್ಮೆಂಟ್ ಶಾಯಿಯ ಇಂಕ್‌ಜೆಟ್ ಮುದ್ರಣವೂ ಧಾರಾಳವಾಗಿ ಬಳಕೆಯಲ್ಲಿದೆ. ಒಳ್ಳೆಯ ಕಾಗದದ ಮೇಲೆ ಅದು ದೀರ್ಘಕಾಲ ಬಾಳುತ್ತದೆ, ಅದನ್ನು ಅದರ ಹೆಸರಿನಲ್ಲಿಯೇ ಮಾರಿದರೆ ನನ್ನ ಆಕ್ಷೇಪವೇನೂ ಇಲ್ಲ.

ನಿಮ್ಮ ಮುಂದಿರುವುದು ಪ್ಲಾಟಿನಂ ಪ್ರಿಂಟುಗಳಾದ್ದರಿಂದ ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ವಿಲಿಯಂ ವಿಲ್ಲಿಸ್ 1873ರಲ್ಲಿ ಪೇಟೆಂಟ್ ಪಡೆದ ಈ ವಿಧಾನದಲ್ಲಿ ಕಬ್ಬಿಣ ಮತ್ತು ಪ್ಲಾಟಿನಂ ಲವಣಗಳ ದ್ರಾವಣವನ್ನು ಕಾಗದಕ್ಕೆ ಬಳಿದು ಒಣಗಿಸಿ, ಅದರ ಮೇಲೆ ನೆಗೆಟಿವನ್ನು ಒತ್ತಿಟ್ಟು ನೇರಳಾತೀತ ಬೆಳಕಿಗೆ ಒಡ್ಡುತ್ತಾರೆ. ಇಲ್ಲಿ ಚಿತ್ರವನ್ನು ಹಿಗ್ಗಿಸಲು ಬರುವುದಿಲ್ಲ; ಚಿತ್ರ ಎಷ್ಟು ದೊಡ್ಡದೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕು. ಬೆಳ್ಳಿಯ ಲವಣಗಳಿಂದ ಮಾಡುವ ಸಾಮಾನ್ಯ ಕಪ್ಪುಬಿಳುಪು ಪ್ರಿಂಟಿನಲ್ಲಿರುವಂತೆ ಮೇಲೊಂದು ಜೆಲಟಿನ್ ಪದರ ಇಲ್ಲಿಲ್ಲ, ಲೋಹ ಕಾಗದದ ನಾರಿನೊಳಗೇ ಕೂತಿರುತ್ತದೆ. ಹಾಗಾಗಿ ಹೊಳಪಿಲ್ಲ, ನೆರಳಿನ ಒಳಗೂ ಮತ್ತೊಂದು ನೆರಳು ಕಾಣುವಷ್ಟು ಮೃದುವಾದ ಏರಿಳಿತವಿದೆ. ಕೈಯಿಂದ ಬಳಿಯುವ ಕಾರಣ ಒಂದು ಪ್ರಿಂಟಿನ ಹಾಗೆ ಇನ್ನೊಂದು ತದ್ವತ್ತಾಗಿ ಬರುವುದಿಲ್ಲ. ಹತ್ತು ಚಿತ್ರ, 70 ಪ್ರತಿ ಎಂದರೆ 700 ಒಪ್ಪಿತ ಪ್ರಿಂಟುಗಳು, ಅದರ ಜೊತೆಗೆ ಕೆಟ್ಟುಹೋಗಿ ಬದಿಗಿಟ್ಟವು. ನೀವು ತೆರುವ ಹಣದ ಒಂದು ದೊಡ್ಡ ಪಾಲು ಈ ದುಡಿಮೆಗೆ ಸಲ್ಲುತ್ತದೆ, ಮತ್ತು ಅದು ನ್ಯಾಯವಾದದ್ದೇ.

ಆದರೆ ಪ್ಲಾಟಿನಂಗೆ ಒಂದು ಗುಣವಿದೆ; ಬಿಡಿ ಪ್ರಿಂಟು ಕೊಳ್ಳುವವರಿಗಿಂತ ಪುಸ್ತಕ ಕೊಳ್ಳುವವರು ಅದನ್ನು ಹೆಚ್ಚು ತಿಳಿದಿರಬೇಕು. ಆ ಲೋಹ ತಾನು ಮಾಸುವುದಿಲ್ಲ, ಆದರೆ ತನಗೆ ತಾಗಿಕೊಂಡಿರುವ ಕಾಗದ ಹಳದಿಗಟ್ಟುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಒಮ್ಮೆ ಒಂದು ಖಾಸಗಿ ಸಂಗ್ರಹದಿಂದ ನನ್ನ ಮೇಜಿಗೆ ಬಂದ ಸಂಪುಟವೊಂದರಲ್ಲಿ ಕವಿತೆಯ ಪುಟವನ್ನು ತೆರೆದಾಗ, ಸಾಲುಗಳ ಹಿಂದೆ ಚಹಾದ ಬಣ್ಣದಲ್ಲಿ ಒಂದು ಮರವೂ ಬೇಲಿಯೂ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಂತಿದ್ದವು. ಎದುರು ಪುಟದಲ್ಲಿದ್ದ ಪ್ರಿಂಟು ಹಲವು ದಶಕಗಳ ಕಾಲ ಒತ್ತಿಕೊಂಡಿದ್ದು ತನ್ನ ನೆರಳನ್ನು ಪದ್ಯದ ಮೇಲೆ ಬಿಟ್ಟಿತ್ತು. ಅದು ಪ್ಲಾಟಿನಂ ಎಂಬುದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ಆದರೆ ಕಾಗದದ ನಾರು ಕೂಡ ಬಲಗುಂದಿದ್ದುದರಿಂದ ಆ ಕಲೆಯನ್ನು ತೆಗೆಯುವ ಸಾಹಸ ನಾನು ಮಾಡಲಿಲ್ಲ. ತಯಾರಕರು ಪ್ರತಿ ಪ್ರಿಂಟಿನ ಮುಂದೆ ಆಮ್ಲರಹಿತ ತೆಳು ಕಾಗದವನ್ನು ಇಟ್ಟಿದ್ದರೆ ಕಲೆ ಅದರ ಮೇಲೆ ಬೀಳುತ್ತಿತ್ತು, ಕವಿತೆ ಉಳಿಯುತ್ತಿತ್ತು. ಆದ್ದರಿಂದ ನೀವು ಕೇಳಬೇಕಾದ ಮೊದಲ ತಾಂತ್ರಿಕ ಪ್ರಶ್ನೆ ಇದು: ಪ್ರತಿ ಪ್ರಿಂಟಿಗೂ ರಕ್ಷಾಪುಟ ಇದೆಯೇ, ಅದು ಯಾವ ಕಾಗದ, ಕಾಲಾನಂತರ ಬದಲಾಯಿಸಲು ಬರುವಂತಿದೆಯೇ? ಮಾರುವವರಿಗೆ ಈ ಪ್ರಶ್ನೆಯೇ ಅರ್ಥವಾಗದಿದ್ದರೆ ಸ್ವಲ್ಪ ತಡೆಯಿರಿ.

ಪ್ರಿಂಟನ್ನು ಅಂಟಿಸಿದ ರೀತಿಯನ್ನೂ ನೋಡಿ. ಮೇಲಂಚಿನಲ್ಲಿ ಮಾತ್ರ ಅಂಟಿಸಿದ್ದರೆ ಒಳ್ಳೆಯದು, ಏಕೆಂದರೆ ತೇವ ಹೆಚ್ಚುಕಡಿಮೆಯಾದಾಗ ಕಾಗದ ಹಿಗ್ಗಿ ಕುಗ್ಗುತ್ತದೆ; ನಾಲ್ಕೂ ಬದಿ ಅಂಟಿಸಿದ್ದರೆ ಪುಟ ಸುಕ್ಕುಗಟ್ಟುತ್ತದೆ. ಹಾಗೆಯೇ, ದಪ್ಪ ಪ್ರಿಂಟುಗಳನ್ನು ಹೊತ್ತ ಪುಸ್ತಕದ ಬೆನ್ನಿನಲ್ಲಿ ಅಷ್ಟೇ ದಪ್ಪದ ಕಾಗದದ ಪಟ್ಟಿಗಳನ್ನು ಸೇರಿಸಿ ಹೊಲಿದಿರಬೇಕು. ಇಲ್ಲದಿದ್ದರೆ ಪುಸ್ತಕ ಅಂಚಿನ ಕಡೆ ಬಾಯ್ದೆರೆದುಕೊಳ್ಳುತ್ತದೆ, ಹೊಲಿಗೆ ಬೇಗ ಸಡಿಲವಾಗುತ್ತದೆ.

ವಿವರಣೆಯಲ್ಲಿ ಹೇಳಿರುವುದು ನಿಜವೇ ಎಂದು ತಿಳಿಯಲು ಹತ್ತುಪಟ್ಟು ಹಿಗ್ಗಿಸುವ ಒಂದು ಭೂತಗನ್ನಡಿ ಸಾಕು. ಸಾಲುಸಾಲಾದ ಚುಕ್ಕಿಗಳು ಕಂಡರೆ ಅದು ಸಾಮಾನ್ಯ ಪುಸ್ತಕಗಳಲ್ಲಿರುವ ಆಫ್‌ಸೆಟ್ ಮುದ್ರಣ. ಅಡ್ಡಾದಿಡ್ಡಿಯಾದ ಮರಳಿನಂತಹ ಕಣಗಳು ಕಂಡು, ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತೂ ಇದ್ದರೆ ಗ್ರಾವ್ಯೂರ್. ಬಣ್ಣಬಣ್ಣದ ಚೆದುರಿದ ಹನಿಗಳಾದರೆ ಇಂಕ್‌ಜೆಟ್. ಕಾಗದದ ನಾರುಗಳೇ ನೇರವಾಗಿ ಕಂಡು, ಕಪ್ಪು ಆ ನಾರುಗಳಿಗೆ ಹಿಡಿದಂತಿದ್ದು, ಎಲ್ಲಿಯೂ ಹೊಳಪಿಲ್ಲದಿದ್ದರೆ ಪ್ಲಾಟಿನಂ ಅಥವಾ ಅದರ ಸೋದರ ಲೋಹವಾದ ಪಲ್ಲಾಡಿಯಂ. ಇಂದಿನವರು ಹೆಚ್ಚಾಗಿ ಎರಡನ್ನೂ ಬೆರೆಸುತ್ತಾರೆ. ಪಠ್ಯಕ್ಕಾದರೆ ಪುಟವನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿಯಿರಿ. ಮೊಳೆ ಕಾಗದದೊಳಕ್ಕೆ ಇಳಿದ ಗುರುತು ನೆರಳಾಗಿ ಕಾಣಬೇಕು, ಆದರೆ ಹಿಂಬದಿಯಲ್ಲಿ ಬೆರಳಿಗೆ ತಟ್ಟುವಷ್ಟು ಆಳವಾಗಿರಬಾರದು. ಈಚೆಗೆ ಅಚ್ಚನ್ನು ಬೇಕೆಂದೇ ಆಳವಾಗಿ ಒತ್ತುವ ಚಾಳಿ ಬಂದಿದೆ; ಹಿಂಪುಟದ ಪದ್ಯವನ್ನು ಹಾಳುಮಾಡುವ ಆ ಒತ್ತನ್ನು ಕುಶಲತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು 70 ಎಂಬ ಸಂಖ್ಯೆ. ತಾಮ್ರದ ತಗಡು ಒತ್ತಿದಂತೆಲ್ಲ ಸವೆಯುತ್ತದೆ, ಆದ್ದರಿಂದ ಗ್ರಾವ್ಯೂರಿನಲ್ಲಿ ಮಿತಿಗೆ ಒಂದು ಸಹಜ ಕಾರಣವಿದೆ, ತಗಡಿನ ಮೇಲೆ ಉಕ್ಕಿನ ಲೇಪ ಕೊಟ್ಟು ಆ ಮಿತಿಯನ್ನು ಹಿಗ್ಗಿಸಬಹುದಾದರೂ. ನೆಗೆಟಿವ್ ಹಾಗೆ ಸವೆಯುವುದಿಲ್ಲ. ಅಲ್ಲಿ ಸೀಮಿತ ಎಂಬುದು ಪ್ರಕಾಶಕರು ಕೊಡುವ ಮಾತು, ಅಷ್ಟೇ. ಮಾತಿನ ಬೆಲೆ ಅದನ್ನು ಎಷ್ಟು ಸ್ಪಷ್ಟವಾಗಿ ಬರೆದಿದ್ದಾರೆ ಎಂಬುದರಲ್ಲಿದೆ. ಪುಸ್ತಕದ ಕೊನೆಯಲ್ಲಿರುವ ಮುದ್ರಣ ವಿವರದ ಪುಟವನ್ನು ನಿಧಾನವಾಗಿ ಓದಿ ಲೆಕ್ಕ ಕೂಡಿಸಿ. ಅಂಕೆ ಹಾಕಿದ 70 ಪ್ರತಿಗಳಲ್ಲದೆ ಅಕ್ಷರ ಹಾಕಿದ 26 ವಿಶೇಷ ಪ್ರತಿಗಳು, ಕಲಾವಿದರ ಪಾಲಿನ ಹದಿನೈದು, ಮಾರಾಟಕ್ಕಲ್ಲದ ಹತ್ತು ಎಂದಿದ್ದರೆ ಒಟ್ಟು 121 ಆಯಿತು. ಇದು ಮೋಸವಲ್ಲ, ರೂಢಿ, ಆದರೆ ಬರೆದಿರಬೇಕು. ಅದೇ ಚಿತ್ರಗಳು ಬೇರೆ ಅಳತೆಯಲ್ಲಿ ಬಿಡಿಯಾಗಿ ಮಾರಾಟವಾಗುತ್ತವೆಯೇ ಎಂದು ಬರಹದಲ್ಲಿ ಕೇಳಿ ತಿಳಿಯಿರಿ. ಒಂದನೆಯ ಸಂಖ್ಯೆಯ ಪ್ರತಿಗಾಗಿ ಹಟ ಹಿಡಿಯಬೇಡಿ, ನೆಗೆಟಿವಿನಿಂದ ಮೊದಲು ತೆಗೆದದ್ದು ಕೊನೆಗೆ ತೆಗೆದದ್ದಕ್ಕಿಂತ ಚೆನ್ನಾಗಿರುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಪುಸ್ತಕ ಸೋಲಬಹುದು, ಮತ್ತು ಹೆಚ್ಚಿನವು ಸೋಲುವುದು ಇಲ್ಲಿಯೇ: ಚಿತ್ರ ಕವಿತೆಯ ಮಾತನ್ನೇ ಮತ್ತೆ ಹೇಳುತ್ತದೆ. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಕ್ಯಾಮೆರಾ ಹುಟ್ಟಾ ವಾಚ್ಯದ, ಅಂದರೆ ನೇರವಾಗಿ ಹೇಳುವ ಅರ್ಥದ, ಕಡೆಯದು, ಅದರ ಮುಂದೆ ಇರುವುದನ್ನು ಅದು ಹೇಳಿಯೇ ಹೇಳುತ್ತದೆ. ಕವಿತೆ ಬದುಕುವುದು ಧ್ವನಿಯಲ್ಲಿ, ಹೇಳದೆ ಸೂಚಿಸುವ ಅರ್ಥದಲ್ಲಿ. ಪದ್ಯದಲ್ಲಿ ಹೂವು ಎಂದಿದ್ದರೆ ಓದುಗರ ಮನಸ್ಸಿನಲ್ಲಿ ಅವರವರ ಹೂವು ಅರಳುತ್ತದೆ. ಎದುರು ಪುಟದಲ್ಲಿ ಒಂದು ಹೂವಿನ ಚಿತ್ರ ಬಂದಕೂಡಲೇ ಉಳಿದ ಹೂಗಳೆಲ್ಲ ಬಾಡುತ್ತವೆ.

ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರ ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಕವಿ ಟೆನಿಸನ್ ರಾಜ ಆರ್ಥರನ ಕಥೆ ಹೇಳುವ ತಮ್ಮ ‘ಇಡಿಲ್ಸ್ ಆಫ್ ದಿ ಕಿಂಗ್’ ಕಾವ್ಯಕ್ಕೆ ಚಿತ್ರಗಳನ್ನು ಕೇಳಿದಾಗ ಕ್ಯಾಮರಾನ್ ಮನೆಯವರಿಗೂ ಪರಿಚಿತರಿಗೂ ವೇಷ ತೊಡಿಸಿ ನಿಲ್ಲಿಸಿದರು. ಮಂತ್ರವಾದಿ ಮರ್ಲಿನ್ ಆಗಿ ಕೂತವರು ಅವರ ಪತಿಯೇ. ಕಾವ್ಯದ ಅಗ್ಗದ ಆವೃತ್ತಿಯಲ್ಲಿ ಆ ಚಿತ್ರಗಳು ಸಣ್ಣ ಮರದಚ್ಚುಗಳಾಗಿ ಕುಗ್ಗಿ ಬಂದುದನ್ನು ಕಂಡು ಅವರು ಸಹಿಸಲಿಲ್ಲ. 1874ರ ಕೊನೆಯಲ್ಲಿ ಒಂದು, 1875ರಲ್ಲಿ ಇನ್ನೊಂದು ಎಂದು ಎರಡು ದೊಡ್ಡ ಸಂಪುಟಗಳಲ್ಲಿ ತಮ್ಮ ಆಲ್ಬುಮೆನ್ ಪ್ರಿಂಟುಗಳನ್ನು (ಮೊಟ್ಟೆಯ ಬಿಳಿಭಾಗ ಬಳಿದ ಕಾಗದದ ಮೇಲಿನ ಛಾಯಾಚಿತ್ರಗಳನ್ನು) ಪೂರ್ಣ ಅಳತೆಯಲ್ಲಿಯೇ ಅಂಟಿಸಿ, ಕಾವ್ಯದ ಸಾಲುಗಳನ್ನು ತಮ್ಮ ಕೈಬರಹದಲ್ಲಿ ಕಲ್ಲಚ್ಚು ಮಾಡಿಸಿ ಪ್ರಕಟಿಸಿದರು. ಆ ಹಟವನ್ನು ನಾನು ಗೌರವದಿಂದ ಕಾಣುತ್ತೇನೆ. ಆ ಮುಖಗಳ ಬೆಳಕು ಇಂದಿಗೂ ಬೆರಗು ಹುಟ್ಟಿಸುತ್ತದೆ. ಆದರೂ ಕಾವ್ಯದೊಡನೆ ಓದಿದಾಗ ರಾಜ ಆರ್ಥರನ ಬದಲು ಕವಚ ತೊಟ್ಟ ಒಬ್ಬ ಮನುಷ್ಯ ಕಾಣುತ್ತಾನೆ. ಮುಖ ಎಷ್ಟು ನಿಜವೋ ಕಥೆ ಅಷ್ಟು ದೂರ ಸರಿಯುತ್ತದೆ.

ಇದಕ್ಕೆ ಎದುರಾಗಿ ಛಾಯಾಗ್ರಾಹಕ ಆಲ್ವಿನ್ ಲ್ಯಾಂಗ್‌ಡನ್ ಕೋಬರ್ನ್ 1912ರಲ್ಲಿ ಶೆಲ್ಲಿಯ ‘ದಿ ಕ್ಲೌಡ್’ ಕವಿತೆಯನ್ನು ಆರು ಪ್ಲಾಟಿನಂ ಪ್ರಿಂಟುಗಳೊಡನೆ ಹೊರತಂದ ಪುಸ್ತಕವಿದೆ. ಮೋಡದ ಕವಿತೆಗೆ ಮೋಡದ ಚಿತ್ರ, ಇದಕ್ಕಿಂತ ವಾಚ್ಯ ಇನ್ನೇನಿದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಕವಿತೆಯಲ್ಲಿ ಮಾತಾಡುವುದೇ ಮೋಡ, ಅದಕ್ಕೆ ನಿಂತ ರೂಪವಿಲ್ಲ, ಅಳಿದು ಮತ್ತೆ ಹುಟ್ಟುವುದೇ ಅದರ ಕಥೆ. ಚಿತ್ರದಲ್ಲಿರುವ ಮೋಡವೂ ಆ ಕ್ಷಣದ ನಂತರ ಇಲ್ಲ. ಹಾಗಾಗಿ ಚಿತ್ರ ಕವಿತೆಯ ವಸ್ತುವನ್ನು ತೋರಿಸುತ್ತಲೇ ಅದು ಕಳೆದುಹೋಗುವುದನ್ನೂ ಸೂಚಿಸುತ್ತದೆ. ವಸ್ತು ಒಂದೇ ಆಗಿರುವುದು ತಪ್ಪಲ್ಲ, ವಸ್ತುವಿನಲ್ಲಿಯೇ ನಿಂತುಬಿಡುವುದು ತಪ್ಪು ಎಂಬುದನ್ನು ನಾನು ಕಲಿತದ್ದು ಈ ಪುಸ್ತಕದಿಂದ.

ಇನ್ನೊಂದು ಉದಾಹರಣೆ ಅಮೆರಿಕದ ಕವಿ ವಿಟ್ಮನ್‌ನ ‘ಲೀವ್ಸ್ ಆಫ್ ಗ್ರಾಸ್’. ಸೀಮಿತ ಆವೃತ್ತಿಗಳನ್ನು ಹೊರತರುತ್ತಿದ್ದ ಲಿಮಿಟೆಡ್ ಎಡಿಷನ್ಸ್ ಕ್ಲಬ್ಬಿಗಾಗಿ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1941ರಲ್ಲಿ ಅಮೆರಿಕದ ಉದ್ದಗಲಕ್ಕೂ ಕಾರಿನಲ್ಲಿ ತಿರುಗಿ ಚಿತ್ರ ತೆಗೆದರು. 1942ರಲ್ಲಿ 49 ಛಾಯಾಚಿತ್ರಗಳೊಡನೆ ಎರಡು ಸಂಪುಟಗಳು 1,000 ಪ್ರತಿಗಳಲ್ಲಿ ಬಂದವು. ಕವಿತೆಗೆ ಸಚಿತ್ರ ವಿವರಣೆ ಕೊಡುವುದಿಲ್ಲ ಎಂಬುದು ವೆಸ್ಟನ್ನರ ಆರಂಭದ ನಿಲುವಾಗಿತ್ತು. ಸಮಾಧಿಗಳು, ಕಾರ್ಖಾನೆಗಳು, ಬಡ ದಂಪತಿಗಳ ಮುಖಗಳು, ಮರಳು, ಹೀಗೆ ಕವಿತೆಯ ಪಕ್ಕದಲ್ಲಿ ನಡೆಯುವ ಚಿತ್ರಗಳು ಅವರವು. ವಿನ್ಯಾಸದಲ್ಲಿ ಪ್ರತಿ ಚಿತ್ರಕ್ಕೂ ಕವಿತೆಯ ಒಂದು ಸಾಲನ್ನು ಅಡಿಬರಹವಾಗಿ ಕಟ್ಟಿಹಾಕಿದ್ದು ಅವರಿಗೆ ಹಿಡಿಸಲಿಲ್ಲ, ಮತ್ತು ನೋಡುವವರಿಗೂ ಆ ಸಾಲುಗಳು ಕಣ್ಣನ್ನು ಒಂದೇ ಕಡೆಗೆ ಎಳೆಯುತ್ತವೆ. ನೀವು ನೋಡುತ್ತಿರುವ ಪುಸ್ತಕದಲ್ಲಿ ಚಿತ್ರದ ಕೆಳಗೆ ಪದ್ಯದ ಸಾಲನ್ನು ಮತ್ತೆ ಮುದ್ರಿಸಿದ್ದಾರೆಯೇ ಎಂದು ಗಮನಿಸಿ. ಮುದ್ರಿಸಿದ್ದರೆ ಸಂಪಾದಕರಿಗೆ ತಾವು ಮಾಡಿದ ಜೋಡಿಯ ಮೇಲೆಯೇ ನಂಬಿಕೆಯಿಲ್ಲ ಎಂದರ್ಥ.

ವಿಟ್ಮನ್‌ನ ಹೆಸರು ಬಂದುದರಿಂದ ಪಠ್ಯದ ಬಗ್ಗೆಯೂ ಒಂದು ಮಾತು. ಆ ಕೃತಿಯ 1855ರ ಮೊದಲ ಮುದ್ರಣದಲ್ಲಿ ಇದ್ದದ್ದು ಶೀರ್ಷಿಕೆಯಿಲ್ಲದ ಹನ್ನೆರಡು ಕವಿತೆಗಳು. ಕೆಲವು ಪುಟಗಳ ಮೊಳೆಯನ್ನು ಕವಿಯೇ ಜೋಡಿಸಿದ್ದ. ಶೀರ್ಷಿಕೆಯ ಪುಟದಲ್ಲಿ ಕವಿಯ ಹೆಸರಿಲ್ಲ, ಅದರ ಎದುರಿಗೆ ಮಾತ್ರ ಡಾಗೆರೋಟೈಪ್ (ಲೋಹದ ತಗಡಿನ ಮೇಲೆ ತೆಗೆಯುತ್ತಿದ್ದ) ಛಾಯಾಚಿತ್ರವೊಂದನ್ನು ನೋಡಿ ಕೆತ್ತಿದ ಅವನ ಚಿತ್ರ, ತಲೆಯ ಮೇಲೆ ಟೋಪಿ, ಕೈ ಸೊಂಟದ ಮೇಲೆ. ಕವಿತೆಯೂ ಛಾಯಾಚಿತ್ರವೂ ಎದುರುಬದುರು ಕೂತದ್ದಕ್ಕೆ ಅಷ್ಟು ಧೈರ್ಯದ ನಿದರ್ಶನ ಇನ್ನೊಂದಿಲ್ಲ. 1891–92ರ ಕೊನೆಯ ಆವೃತ್ತಿಯ ಹೊತ್ತಿಗೆ ಕವಿತೆಗಳು 400ರ ಹತ್ತಿರಕ್ಕೆ ಬೆಳೆದು, ಹಳೆಯವು ತಿದ್ದುಪಡಿಯಾಗಿದ್ದವು. ಹೀಗಿರುವಾಗ ನಿಮ್ಮ ಪುಸ್ತಕದ ಕವಿತೆಗಳನ್ನು ಯಾವ ಆವೃತ್ತಿಯಿಂದ ಆರಿಸಲಾಗಿದೆ ಎಂಬುದು ಮುದ್ರಣ ವಿವರದಲ್ಲಿ ಇರಲೇಬೇಕು, ಅನುವಾದವಾಗಿದ್ದರೆ ಅನುವಾದಕರ ಹೆಸರೂ. ದುಬಾರಿ ಕಾಗದದ ಮೇಲೆ ಎಲ್ಲಿಂದಲೋ ಎತ್ತಿದ ತಪ್ಪು ಪಾಠವನ್ನು ಅಚ್ಚುಮಾಡಿರುವುದನ್ನು ನಾನು ಕಂಡಿದ್ದೇನೆ. ಉದ್ದನೆಯ ಸಾಲುಗಳು ಪುಟದ ಅಗಲ ಸಾಲದೆ ಮುರಿದು ಕೆಳಗೆ ಬಿದ್ದಿವೆಯೇ ಎಂಬುದನ್ನೂ ನೋಡಿ. ಪುಟದ ಅಳತೆಯನ್ನು ಕವಿತೆಯ ಸಾಲು ನಿರ್ಧರಿಸಿತೋ ಚಿತ್ರದ ಅಳತೆ ನಿರ್ಧರಿಸಿತೋ ಎಂಬುದು ಅದರಲ್ಲಿಯೇ ತಿಳಿದುಹೋಗುತ್ತದೆ.

ಚೌಕಟ್ಟಿನ ವಿಷಯದಲ್ಲಿ ನಿಮ್ಮ ಸ್ನೇಹಿತರ ಮಾತನ್ನು ದಯವಿಟ್ಟು ಕೇಳಬೇಡಿ. ಅಂಟನ್ನು ಬಿಡಿಸುವಾಗ ಕಾಗದದ ನಾರು ಕಿತ್ತುಬರುತ್ತದೆ, ಉಳಿದ ಪುಸ್ತಕ ಅಂಗಹೀನವಾಗುತ್ತದೆ, ಚಿತ್ರವೂ ತನ್ನ ಎದುರು ಪುಟವನ್ನು ಕಳೆದುಕೊಳ್ಳುತ್ತದೆ. ಪುಸ್ತಕದ ಜೊತೆಗೆ ಪ್ರತ್ಯೇಕ ಹೊದಿಕೆಯಲ್ಲಿ ಒಂದು ಬಿಡಿ ಪ್ರಿಂಟನ್ನೂ ಕೊಟ್ಟಿದ್ದರೆ ಅದಕ್ಕೆ ಧಾರಾಳವಾಗಿ ಚೌಕಟ್ಟು ಹಾಕಿಸಿ. ಪುಸ್ತಕವನ್ನು ಮಾತ್ರ ಅದರ ಪೆಟ್ಟಿಗೆಯಲ್ಲಿ ಮಲಗಿಸಿಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಗಾಳಿಯ ತೇವಾಂಶ ಶೇಕಡಾ 35ರಿಂದ 50ರ ನಡುವೆ ಹೆಚ್ಚು ಏರುಪೇರಿಲ್ಲದೆ ಇದ್ದರೆ ಸಾಕು. ಓದಲು ಹತ್ತಿಯ ಕೈಗವಸು ಬೇಕಿಲ್ಲ, ಅದರಿಂದ ಬೆರಳಿನ ಸೂಕ್ಷ್ಮ ಹೋಗಿ ಪುಟ ಹರಿಯುವುದೇ ಹೆಚ್ಚು. ತೊಳೆದು ಒರೆಸಿದ ಕೈಯಲ್ಲಿ ಪುಟದ ಅಂಚನ್ನು ಹಿಡಿದು ತಿರುಗಿಸಿ, ಚಿತ್ರದ ಮೈಯನ್ನು ಮುಟ್ಟಬೇಡಿ. ದಿನವೂ ನೋಡುವ ಆಸೆಯಿದ್ದರೆ ದಿನವೂ ತೆರೆಯಿರಿ. ಹದವಾದ ಬೆಳಕಿನಲ್ಲಿ ಓದುವುದರಿಂದ ಪ್ಲಾಟಿನಂ ಪ್ರಿಂಟಿಗೆ ಏನೂ ಆಗುವುದಿಲ್ಲ.

ನಿರ್ಧರಿಸುವ ಮುನ್ನ ಕಿಟಕಿಯ ಪಕ್ಕದ ಒಂದು ಮೇಜು ಹಾಗೂ ಒಂದು ಗಂಟೆಯ ಸಮಯವನ್ನು ಮಾರುವವರಿಂದ ಕೇಳಿ ಪಡೆಯಿರಿ. ಭೂತಗನ್ನಡಿಯ ಜೊತೆಗೆ ಒಂದು ಬಿಳಿಯ ಹಾಳೆಯನ್ನೂ ಒಯ್ಯಿರಿ. ನಿಮಗೆ ಬಾಯಿಪಾಠವಾಗಿರುವ ಕವಿತೆಯೊಂದರ ಪುಟವನ್ನು ತೆರೆದು, ರಕ್ಷಾಪುಟದ ಮೇಲೆ ಹಾಳೆಯನ್ನಿಟ್ಟು ಚಿತ್ರವನ್ನು ಮರೆಮಾಡಿ ಪದ್ಯವನ್ನು ನಿಧಾನವಾಗಿ ಓದಿ. ಅನಂತರ ಎರಡನ್ನೂ ಸರಿಸಿ ಚಿತ್ರವನ್ನು ನೋಡಿ, ಮತ್ತೆ ಪದ್ಯಕ್ಕೆ ಬನ್ನಿ. ಮೂರು ನಾಲ್ಕು ಜೋಡಿ ಪುಟಗಳಲ್ಲಿ ಹೀಗೆ ಮಾಡಿದಾಗ ಎರಡನೆಯ ಓದು ಮೊದಲನೆಯದಕ್ಕಿಂತ ಬೇರೆಯಾಗಿದ್ದರೆ ಕೊಳ್ಳಿ. ಮೊದಲ ಓದಿನಲ್ಲಿ ನಿಮಗೆ ಕಂಡದ್ದೇ ಚಿತ್ರದಲ್ಲಿಯೂ ಇದ್ದು, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲದಿದ್ದರೆ, ಅದರ ಪ್ರಿಂಟುಗಳು ಎಷ್ಟೇ ಸೊಗಸಾಗಿರಲಿ, ನೀವು ಹೇಳಿದ ಸಾಮಾನ್ಯ ಪುಸ್ತಕವೇ ಆ ಕವಿತೆಗಳಿಗೆ ಹೆಚ್ಚು ಒಳ್ಳೆಯ ಮನೆ.